ಮೊದಲ ಸಲ ಕೋಳಿ ಸಾಕುವವರು ಮೊಟ್ಟೆಗೆ ಯಾವ ತಳಿ ತರಬೇಕು? ಪಶುವೈದ್ಯರ ಉತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮದು ತಿಪಟೂರಿನ ಹತ್ತಿರ ಹಳ್ಳಿ. ಮನೆ ಹಿಂದೆ ಐದಾರು ಗುಂಟೆ ತೆಂಗಿನ ತೋಟ ಇದೆ. ಮನೆಯಲ್ಲಿ ಐದು ಜನ, ದಿನಕ್ಕೆ ನಾಲ್ಕು ಮೊಟ್ಟೆ ಸಿಕ್ಕರೆ ಸಾಕು. ವರ್ಷಕ್ಕೆ 300 ಮೊಟ್ಟೆ ಇಡುವ ಕಂದು ಕೋಳಿ ತಗೊಳ್ಳಿ ಅಂತ ಒಬ್ಬರು ಹೇಳಿದರು. ನಾಟಿ ಬಿಟ್ಟು ಬೇರೆ ಬೇಡ ಅಂತಾರೆ ನಮ್ಮ ಅತ್ತೆ. ನಾನು ಇದುವರೆಗೆ ಕೋಳಿ ಸಾಕಿಲ್ಲ. ಯಾವುದು ತರಲಿ?

ಉತ್ತರ: ನಮಸ್ಕಾರ ಅಮ್ಮ. ಎಷ್ಟು ಮೊಟ್ಟೆ ಬೇಕು ಅಂತ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ದಿನಕ್ಕೆ ನಾಲ್ಕು ಎಂದರೆ ವರ್ಷಕ್ಕೆ 1,460. ನಾಟಿ ಕೋಳಿ ವರ್ಷಕ್ಕೆ 60ರಿಂದ 80 ಇಡುತ್ತದೆ. ಹತ್ತು ಹದಿನೈದು ಇಟ್ಟ ಮೇಲೆ ಕಾವಿಗೆ ಕೂತುಬಿಡುತ್ತದೆ, ಆಮೇಲೆ ಮರಿ ಮೇಯಿಸುತ್ತಾ ಎರಡು ಮೂರು ತಿಂಗಳು ಹೋಗುತ್ತದೆ. ನಾಟಿಯಿಂದಲೇ ನಿಮ್ಮ ಲೆಕ್ಕ ತುಂಬಬೇಕಾದರೆ ಇಪ್ಪತ್ತಕ್ಕೂ ಜಾಸ್ತಿ ಹೇಟೆ ಬೇಕು. ಐದಾರು ಗುಂಟೆಯಲ್ಲಿ ಅಷ್ಟಕ್ಕೂ ಹುಳು ಹುಪ್ಪಟೆ ಎಲ್ಲಿ ಸಿಗುತ್ತದೆ?

ಕಂದು ಲೇಯರ್ ಆದರೆ, ಅಂದರೆ ಮೊಟ್ಟೆಗೆಂದೇ ಫಾರಂಗಳಲ್ಲಿ ಸಾಕುವ ಬಿವಿ 380 ತರಹದ್ದು, ಐದೇ ಸಾಕು. ಆದರೆ ಆ 300 ಅನ್ನುವುದು ಒಂದೊಂದು ಕೋಳಿಗೂ ದಿನಾ 110 ಗ್ರಾಂ ಲೇಯರ್ ಫೀಡ್ ತಪ್ಪದೆ ಕೊಟ್ಟಾಗ ಬರುವ ಲೆಕ್ಕ. ತೋಟಕ್ಕೆ ಬಿಟ್ಟು, ಸಂಜೆ ಒಂದು ಹಿಡಿ ಜೋಳ ಎಸೆದರೆ ಬರುವುದಿಲ್ಲ. ಮೊಟ್ಟೆ ಕಮ್ಮಿ ಆಗುವುದಷ್ಟೇ ಅಲ್ಲ. ಮೇವಿನಲ್ಲಿ ಸುಣ್ಣದ ಅಂಶ (ಕ್ಯಾಲ್ಸಿಯಂ) ಸಾಲದಿದ್ದರೆ ಆ ಕೋಳಿ ತನ್ನ ಮೂಳೆಯ ಸುಣ್ಣ ತೆಗೆದು ಚಿಪ್ಪು ಕಟ್ಟುತ್ತದೆ. ಕಡೆಗೆ ಕಾಲು ಸೋತು ಕೂರುತ್ತದೆ. ಅದನ್ನು ನೋಡುವುದಕ್ಕೆ ನನಗೆ ತುಂಬಾ ಸಂಕಟ ಆಗುತ್ತದೆ.

ನಿಮಗೆ ನಾನು ಹೇಳುವುದು ಗ್ರಾಮಪ್ರಿಯ ಅಥವಾ ಸ್ವರ್ಣಧಾರ. ಗ್ರಾಮಪ್ರಿಯ ಹೈದರಾಬಾದಿನ ಸಂಶೋಧನಾ ಕೇಂದ್ರದ್ದು, ಹಿತ್ತಲಿಗೆ ಅಂತಲೇ ಮಾಡಿದ ತಳಿ. ಹಿತ್ತಲಲ್ಲಿ ಮೇದುಕೊಂಡು, ಸಂಜೆ ಒಂದಿಷ್ಟು ಫೀಡ್ ತಿಂದು 160ರಿಂದ 180 ಕೊಡುತ್ತದೆ. ಸ್ವರ್ಣಧಾರ ನಮ್ಮ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನದ್ದೇ, 2005ರಲ್ಲಿ ಬಂತು, ಚೆನ್ನಾಗಿ ನೋಡಿಕೊಂಡರೆ 180ರಿಂದ 190. ಯಾವುದಾದರೂ ಒಂಬತ್ತು ಹೇಟೆ ಇದ್ದರೆ ನಿಮ್ಮ ಮನೆಗೆ ಸಾಕು. ಗಿರಿರಾಜವೂ ಹೆಬ್ಬಾಳದ್ದೇ, ಎಲ್ಲರೂ ಅದನ್ನೇ ಕೇಳುತ್ತಾರೆ. ಅದು ಮಾಂಸಕ್ಕೆ ಒಳ್ಳೆಯದು. ಮೈ ಭಾರ, ತಿನ್ನುವುದು ಜಾಸ್ತಿ, ಮೊಟ್ಟೆ 130ರಿಂದ 150.

ನಿಮ್ಮ ಅತ್ತೆಯವರ ಮಾತನ್ನೂ ಬಿಡಬೇಡಿ. ಜೊತೆಗೆ ಎರಡು ನಾಟಿ ಹೇಟೆ ಇಟ್ಟುಕೊಳ್ಳಿ. ಸುಧಾರಿತ ತಳಿಗಳು ಕಾವಿಗೆ ಕೂರುವುದು ಅಪರೂಪ. ಮರಿ ಬೇಕು ಅಂದ ದಿನ ನಾಟಿಯೇ ಬೇಕು.

ಪ್ರಶ್ನೆ: ಹುಂಜ ಇಲ್ಲದಿದ್ದರೆ ಮೊಟ್ಟೆ ಇಡುತ್ತವಾ? ಕಡಕ್‌ನಾಥ್ ಮೊಟ್ಟೆಗೆ ಒಳ್ಳೆ ರೇಟು ಅಂತಾರಲ್ಲ, ಅದು ಹೇಗೆ?

ಉತ್ತರ: ಇಡುತ್ತವೆ. ಹುಂಜ ಬೇಕಾಗುವುದು ಮರಿ ಮಾಡಿಸುವುದಕ್ಕೆ ಮಾತ್ರ. ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಕಡೆಯ ತಳಿ. ಮಾಂಸ ಕಪ್ಪು, ಮೊಟ್ಟೆ ಕಪ್ಪಲ್ಲ. ವರ್ಷಕ್ಕೆ ನೂರರ ಒಳಗೇ. ಮೊದಲ ಸಲಕ್ಕೆ ಬೇಡ ಅಂತಲೇ ಹೇಳುತ್ತೇನೆ.

ಪ್ರಶ್ನೆ: ಒಂದು ದಿನದ ಮರಿ ಕಮ್ಮಿ ಬೆಲೆಗೆ ಸಿಗುತ್ತೆ. ಅದನ್ನೇ ತರಬಹುದಾ ಸರ್? ನಾವು ಹೋದ ವರ್ಷ 20 ತಂದಿದ್ದೆವು, ಎರಡು ತಿಂಗಳಲ್ಲಿ ಮೂರೇ ಉಳಿದವು. (ಇನ್ನೊಬ್ಬರು, ಹಾಸನ ಕಡೆಯಿಂದ)

ಉತ್ತರ: ಹದಿನೇಳು ಮರಿ ಹೋದವು ಅಂದರೆ ಅದು ತಳಿಯ ತಪ್ಪಲ್ಲ. ಲಸಿಕೆ ಹಾಕಿಸಿದ್ದಿರಾ? ನನ್ನ ಹತ್ತಿರ ಬರುವವರಲ್ಲಿ ಹತ್ತು ಜನ ತಳಿ ಕೇಳಿದರೆ ಲಸಿಕೆ ಕೇಳುವವರು ಒಬ್ಬರು. ಕೊಕ್ಕರೆ ರೋಗ (ರಾಣಿಖೇತ್) ಊರಿಗೆ ಬಂದರೆ ನಾಟಿ, ಗ್ರಾಮಪ್ರಿಯ ಅಂತ ನೋಡುವುದಿಲ್ಲ. ಹಸಿರು ಬೇಧಿ, ಕತ್ತು ತಿರುಚಿಕೊಳ್ಳುವುದು, ಎರಡು ಮೂರು ದಿನದಲ್ಲಿ ಗೂಡೇ ಖಾಲಿ. ಬಂದ ಮೇಲೆ ಔಷಧಿ ಇಲ್ಲ.

ಮರೆಕ್ಸ್ ಅನ್ನುವ ರೋಗದ ಲಸಿಕೆ ಮರಿ ಹುಟ್ಟಿದ ದಿನವೇ ಹ್ಯಾಚರಿಯಲ್ಲಿ ಆಗಬೇಕು, ಕೇಳಿ ತಿಳಿದುಕೊಳ್ಳಿ. ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗಕ್ಕೆ ಲಸೋಟ ಲಸಿಕೆ, ಕಣ್ಣಿಗೆ ಒಂದು ಹನಿ. 14ನೇ ದಿನ ಗುಂಬೋರೋ ರೋಗದ ಲಸಿಕೆ. 28ನೇ ದಿನ ಮತ್ತೆ ಲಸೋಟ. ಎಂಟನೇ ವಾರ ಆರ್‌2ಬಿ ಚುಚ್ಚುಮದ್ದು, ಇದೂ ಕೊಕ್ಕರೆ ರೋಗಕ್ಕೇ. ಲಸಿಕೆಯನ್ನು ಐಸ್ ಹಾಕಿದ ಫ್ಲಾಸ್ಕ್‌ನಲ್ಲೇ ತನ್ನಿ. ಬಿಸಿಲಲ್ಲಿ ಜೇಬಿನಲ್ಲಿಟ್ಟು ತಂದರೆ ಬರೀ ನೀರು ಹಾಕಿದ ಹಾಗೆ.

ಮೊದಲ ಸಲ ಸಾಕುವವರು ಆರರಿಂದ ಎಂಟು ವಾರದ ಮರಿ ತನ್ನಿ. ಬೆಲೆ ಜಾಸ್ತಿ, ನಿಜ. ಆದರೆ ಬಲ್ಬ್ ಕೆಳಗೆ 35 ಡಿಗ್ರಿ ಶಾಖ ಕಾಯುವ ಕಷ್ಟ ತಪ್ಪುತ್ತದೆ, ಲಸಿಕೆಯ ಮುಕ್ಕಾಲು ಭಾಗ ಮುಗಿದಿರುತ್ತದೆ. ಆ ವಯಸ್ಸಿಗೆ ಹುಂಜದ ಜುಟ್ಟು ದೊಡ್ಡದಾಗಿ ಕೆಂಪಾಗುತ್ತಾ ಬರುತ್ತದೆ, ಹೇಟೆ ನೋಡಿ ಆರಿಸಿಕೊಳ್ಳಬಹುದು.

ಪ್ರಶ್ನೆ: ಲೇಯರ್ ಫೀಡ್ ಮರಿ ಇದ್ದಾಗಿನಿಂದಲೇ ಕೊಟ್ಟರೆ ಬೇಗ ಮೊಟ್ಟೆ ಇಡುತ್ತವಾ?

ಉತ್ತರ: ದಯವಿಟ್ಟು ಬೇಡ. ಲೇಯರ್ ಫೀಡ್‌ನಲ್ಲಿ ಸುಣ್ಣದ ಅಂಶ ಶೇಕಡ 3.5ರಷ್ಟಿರುತ್ತದೆ. ಮರಿಗೆ ಶೇಕಡ 1 ಸಾಕು. ಜಾಸ್ತಿ ಆದರೆ ಮೂತ್ರಪಿಂಡ ಹಾಳಾಗುತ್ತದೆ. 18 ವಾರ ಕಳೆದ ಮೇಲೆ ಲೇಯರ್ ಫೀಡ್ ಶುರು ಮಾಡಿ. ಗ್ರಾಮಪ್ರಿಯ ಐದೂವರೆ ತಿಂಗಳ ಹೊತ್ತಿಗೆ ಮೊದಲ ಮೊಟ್ಟೆ ಇಡುತ್ತದೆ, ನಾಟಿ ಇನ್ನೂ ಒಂದೆರಡು ತಿಂಗಳು ತಡ. ಬೂಷ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿ ಮಾತ್ರ ಯಾವ ವಯಸ್ಸಿಗೂ ಬೇಡ. ಅದರಲ್ಲಿರುವ ವಿಷ ನೇರ ಈಲಿಗೆ ಹೋಗುತ್ತದೆ.

ಪ್ರಶ್ನೆ: ಡಾಕ್ಟ್ರೇ, ಮೊದಲು ಕೇಳಿದವಳು ನಾನೇ. ಎಂಟು ವಾರದ ಒಂಬತ್ತು ಗ್ರಾಮಪ್ರಿಯ, ಎರಡು ನಾಟಿ ಅಂತ ತೀರ್ಮಾನ ಮಾಡಿದೆವು, ಅತ್ತೆಗೂ ಸಮಾಧಾನ. ಆರ್‌2ಬಿ ಬಾಟಲಿಯಲ್ಲಿ 100 ಕೋಳಿಗೆ ಆಗುವಷ್ಟು ಇರುತ್ತಂತೆ. ಹನ್ನೊಂದಕ್ಕೆ ಏನು ಮಾಡಲಿ?

ಉತ್ತರ: ತುಂಬಾ ಸಂತೋಷ ಅಮ್ಮ. ಬೆರೆಸಿದ ಲಸಿಕೆ ಒಂದೆರಡು ಗಂಟೆಯೊಳಗೆ ಮುಗಿಯಬೇಕು, ನಾಳೆಗೆ ಇಡುವ ಹಾಗಿಲ್ಲ. ಅದಕ್ಕೇ ಬೀದಿಯಲ್ಲಿ ಕೋಳಿ ಇರುವ ಮನೆಯವರಿಗೆಲ್ಲ ಹಿಂದಿನ ದಿನವೇ ಹೇಳಿ. ಎಂಟು ವಾರ ದಾಟಿದ, ಕಾಯಿಲೆ ಇಲ್ಲದ ಕೋಳಿಗಳನ್ನು ಗೂಡಿನಿಂದ ಬಿಡದೆ ಇಟ್ಟುಕೊಳ್ಳಲಿ. ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ದಿನ ಗೊತ್ತು ಮಾಡಿಕೊಂಡು, ಬೆಳಿಗ್ಗೆ ಬಿಸಿಲೇರುವ ಮುಂಚೆ ಎಲ್ಲರ ಮನೆ ಕೋಳಿಗೂ ಒಟ್ಟಿಗೇ ಹಾಕಿಸಿಬಿಡಿ.