ಪದ ಬೇಕಿದೆ: ಕಾಲ್ಚೆಂಡಿನ ‘ಇನ್‌ಸ್ಟೆಪ್’, ‘ಪ್ಲಾಂಟ್ ಫೂಟ್’, ‘ಆಂಕಲ್ ಲಾಕ್’ (ನಾಳೆ ಅಚ್ಚಿಗೆ)

ಬಳಗದವರಿಗೆ ನಮಸ್ಕಾರ.

8ರಿಂದ 10 ವರ್ಷದ ಮಕ್ಕಳಿಗೆ ಚೆಂಡು ಒದೆಯುವ ಕ್ರಮ ಕಲಿಸುವ ಗೋಡೆಪಟವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಚಿತ್ರಗಳು ಸಿದ್ಧ. ನಾಳೆ ಮಧ್ಯಾಹ್ನದೊಳಗೆ ಅಚ್ಚಿಗೆ ಕೊಡಬೇಕು. ಮೂರು ಪದಗಳು ಕೈಗೆ ಸಿಗುತ್ತಿಲ್ಲ.

ಇನ್‌ಸ್ಟೆಪ್: ಶೂ ಲೇಸ್ ಕಟ್ಟುವ ಜಾಗ. ಜೋರಾಗಿ ಒದೆಯುವಾಗ ಚೆಂಡು ತಾಗಬೇಕಾದದ್ದು ಇಲ್ಲಿ. ‘ಮುಂಗಾಲು’ ಎಂದರೆ ಮಕ್ಕಳು ಬೆರಳ ತುದಿ ತೋರಿಸುತ್ತಾರೆ.

ಪ್ಲಾಂಟ್ ಫೂಟ್: ಒದೆಯದ ಕಾಲು, ಚೆಂಡಿನ ಪಕ್ಕದಲ್ಲಿ ನೆಲಕ್ಕೆ ಊರುವುದು. ‘ಆಧಾರಪಾದ’ ಎಂದಿಟ್ಟಿದ್ದೇನೆ, ಮನಸ್ಸಿಗೆ ಒಪ್ಪಿಲ್ಲ.

ಆಂಕಲ್ ಲಾಕ್: ಒದೆಯುವ ಗಳಿಗೆಯಲ್ಲಿ ಪಾದ ಅಲುಗದ ಹಾಗೆ ಬಿಗಿಹಿಡಿಯುವುದು. ಒಂದೇ ಮಾತಿನಲ್ಲಿ ಬೇಕು.

---

> ‘ಮುಂಗಾಲು’ ಎಂದರೆ ಮಕ್ಕಳು ಬೆರಳ ತುದಿ ತೋರಿಸುತ್ತಾರೆ

ಇನ್‌ಸ್ಟೆಪ್‌ಗೆ ‘ಪ್ರಪದ’ ಎಂಬ ಸಿದ್ಧ ಪದವಿದೆ. ಹೊಸದಾಗಿ ಹೊಸೆಯುವ ಅಗತ್ಯವಿಲ್ಲ.

---

ಅಮರಕೋಶ ‘ಪಾದಾಗ್ರಂ ಪ್ರಪದಂ’ ಎನ್ನುತ್ತದೆ. ಪಾದಾಗ್ರ ಅಂದರೆ ಮತ್ತೆ ಅದೇ ತುದಿ. ಮಕ್ಕಳು ತಾವಾಗಿಯೇ ಮಾಡುವ ಮೊದಲ ತಪ್ಪು ತುದಿಬೆರಳಿನಿಂದ ಒದೆಯುವುದು. ತುದಿಯಲ್ಲಿ ಚೆಂಡಿಗೆ ತಾಗುವ ಜಾಗ ಇಷ್ಟೇ ಇಷ್ಟು, ಒಂದು ಬೆರಳಗಲ ಆಚೀಚೆ ಆದರೂ ಚೆಂಡು ಎತ್ತಲೋ ಹೋಗುತ್ತದೆ, ಉಗುರಿಗೂ ಪೆಟ್ಟು. ಆ ತಪ್ಪಿಗೇ ಪಟದಲ್ಲಿ ಹೆಸರು ಕೊಟ್ಟ ಹಾಗಾಗುತ್ತದೆ. ಬೇಡ.

ಇನ್‌ಸ್ಟೆಪ್ ಎಂದರೆ ಹೆಬ್ಬೆರಳ ಬುಡದ ಹಿಂದಿನಿಂದ ಪಾದದ ಗಂಟಿನವರೆಗೆ ಏರುವ ಗಟ್ಟಿ ಎಲುಬಿನ ಏರು. ‘ಪಾದದ ಮೇಲ್ಭಾಗ’ ಸಾಕು.

---

‘ಮೇಲ್ಭಾಗ’ ಅರಿಸಮಾಸ. ಕನ್ನಡದ ಮೇಲ್‌ಗೆ ಸಂಸ್ಕೃತದ ಭಾಗವನ್ನು ಗಂಟುಹಾಕಿದ್ದೀರಿ. ಈ ಬಳಗದಲ್ಲಾದರೂ ಇದು ನಿಲ್ಲಬೇಕು.

‘ಮೀ’ ಎಂದರೆ ಮೇಲೆ. ತಮಿಳಿನ ‘ಮೀ’ ಇದೇ. ಮೀ + ಕಾಲು = ‘ಮೀಗಾಲು’. ಅಂಗಾಲಿಗೆ ಜೋಡಿಯಾಗಿ ಚೆನ್ನಾಗಿ ನಿಲ್ಲುತ್ತದೆ: ಕೆಳಗೆ ಅಂಗಾಲು, ಮೇಲೆ ಮೀಗಾಲು. ಎರಡನೆಯದಕ್ಕೆ ‘ಊರುಗಾಲು’. ಊರುಗೋಲು ಇದ್ದ ಮೇಲೆ ಊರುಗಾಲು ಇರಬಾರದೇಕೆ? ಮೂರನೆಯದಕ್ಕೆ ‘ಹರಡು ಸೆಟೆಸು’. ಹರಡು ಎಂದರೆ ಪಾದದ ಗಂಟು, ಹಳಗನ್ನಡದ ಪರಡು. ‘ಕಣಕಾಲು’ ಬೇಡ. ಅದು ಗಂಟಲ್ಲ, ಗಂಟಿನ ಮೇಲಿನ ಭಾಗ.

---

ಸರ್, ‘ಊರು’ ಸಂಸ್ಕೃತದಲ್ಲಿ ತೊಡೆ. ಊರುಭಂಗ ಗೊತ್ತಿರುವವರಿಗೆ ಊರುಗಾಲು ತೊಡೆಗಾಲು. ‘ಮೀ’ ಅಂದರೆ ಸ್ನಾನ ಮಾಡು ಎಂದೂ ಇದೆ.

---

ಹತ್ತು ವರ್ಷದ ಮಗುವಿಗೆ ಊರುಭಂಗ ಗೊತ್ತಿರುವುದಿಲ್ಲ. ‘ಕಾಲೂರು’ ಗೊತ್ತಿರುತ್ತದೆ.

---

ಪದಕ್ಕಿಂತ ಮೊದಲು ಕಾಲು ಏನು ಮಾಡುತ್ತದೆ ನೋಡೋಣ. ತರಬೇತಿಯ ಕಡೆಯಿಂದ ಹೇಳುತ್ತಿದ್ದೇನೆ.

‘ಸೆಟೆಸು’ ಅಪಾಯದ ಪದ. ಸೆಟೆ ಎಂದ ಕೂಡಲೇ ಮಗು ಸೊಂಟದಿಂದ ಬೆರಳವರೆಗೆ ಇಡೀ ಕಾಲನ್ನು ಕೋಲು ಮಾಡುತ್ತದೆ. ಆಗ ಹೊಡೆತಕ್ಕೆ ವೇಗವೇ ಬರುವುದಿಲ್ಲ. ಮೊಣಕಾಲು ಹಿಂದಕ್ಕೆ ಮಡಚಿಕೊಂಡು, ಚೆಂಡಿನ ಹತ್ತಿರ ಬಂದಾಗ ಚಟ್ಟನೆ ಬಿಚ್ಚಿಕೊಳ್ಳಬೇಕು. ಬಿಗಿಯಾಗಿರಬೇಕಾದದ್ದು ಪಾದದ ಗಂಟು ಮಾತ್ರ. ಅದು ಸಡಿಲವಿದ್ದರೆ ಚೆಂಡು ತಾಗಿದಾಗ ಪಾದವೇ ಹಿಂದಕ್ಕೆ ಬಾಗಿ ಹೊಡೆತದ ಬಲ ಅಲ್ಲೇ ಕರಗುತ್ತದೆ, ನೋವೂ ಆಗುತ್ತದೆ. ‘ಗಂಟು ಬಿಗಿ, ಮೊಣಕಾಲು ಸಡಿಲ’ ಎಂದು ಜೋಡಿಯಾಗಿ ಬರೆಯಿರಿ.

ಇನ್ನೊಂದು. ಬಿಗಿ ಎಂದಷ್ಟೇ ಹೇಳಿದರೆ ಬೆರಳು ಯಾವ ಕಡೆ ಎಂಬುದು ಉಳಿದುಬಿಡುತ್ತದೆ. ಪಾದದ ಮೇಲಿನಿಂದ ಒದೆಯುವಾಗ ಬೆರಳು ನೆಲದ ಕಡೆ. ಪಾದದ ಒಳಬದಿಯಿಂದ ಪಾಸ್ ಕೊಡುವಾಗ ಪಾದ ಹೊರಕ್ಕೆ ತಿರುಗಿ, ಬೆರಳು ಸ್ವಲ್ಪ ಮೇಲಕ್ಕೆ. ಎರಡರಲ್ಲೂ ಗಂಟು ಬಿಗಿಯೇ, ಬೆರಳ ದಿಕ್ಕು ಮಾತ್ರ ತಿರುವುಮುರುವು. ಪಟದಲ್ಲಿ ಎರಡೂ ಒದೆತಗಳಿದ್ದರೆ ಎರಡು ಬೇರೆ ಸಾಲು ಬೇಕು.

ಊರುವ ಕಾಲಿನ ಬಗ್ಗೆ ನಿಮ್ಮ ಪಟ ಏನು ಹೇಳುತ್ತದೆ? ಹೆಚ್ಚಿನ ತಪ್ಪುಗಳ ಬೇರು ಅಲ್ಲಿದೆ.

---

> ಊರುವ ಕಾಲಿನ ಬಗ್ಗೆ ನಿಮ್ಮ ಪಟ ಏನು ಹೇಳುತ್ತದೆ?

‘ಚೆಂಡಿನ ಪಕ್ಕದಲ್ಲಿ ಇಡಿ’ ಎಂದಷ್ಟೇ ಇದೆ, ಸರ್.

---

ಸಾಲದು. ಚೆಂಡಿನ ಸರಿಸಮಕ್ಕೆ, ಸುಮಾರು 15 ಸೆಂಟಿಮೀಟರ್ ಆಚೆ, ಬೆರಳು ಗುರಿಯ ಕಡೆ, ಮೊಣಕಾಲು ತುಸು ಬಾಗಿ. ಕಾಲು ಚೆಂಡಿಗಿಂತ ಹಿಂದೆ ಬಿದ್ದರೆ ಮಗು ಎಟಕಿಸಿಕೊಂಡು ಒದೆಯುತ್ತದೆ, ಮೈ ಹಿಂದಕ್ಕೆ ವಾಲುತ್ತದೆ, ಪಾದ ಚೆಂಡಿನ ಕೆಳಗೆ ತೂರಿ ಚೆಂಡು ಗೋಲಿನ ಮೇಲೆ ಹಾರುತ್ತದೆ. ತೀರ ಹತ್ತಿರ ಊರಿದರೆ ಒದೆಯುವ ಕಾಲು ಬೀಸಲು ಜಾಗವಿಲ್ಲ. ಬೆರಳು ಬೇರೆ ಕಡೆ ತಿರುಗಿದ್ದರೆ ಸೊಂಟ ಅತ್ತ ತಿರುಗುತ್ತದೆ, ಚೆಂಡೂ ಅತ್ತಲೇ. ಆದ್ದರಿಂದ ಹೆಸರಿನಲ್ಲಿ ‘ಊರು’ ಇರಲೇಬೇಕು. ‘ಆಧಾರ’ ನಿಂತ ಕಾಲನ್ನು ಹೇಳುತ್ತದೆ, ‘ಊರು’ ಮಾಡಬೇಕಾದ ಕೆಲಸವನ್ನು ಹೇಳುತ್ತದೆ.

ಓಟವೂ ನೇರ ಬೇಡ. 3–4 ಹೆಜ್ಜೆ, ಚೆಂಡಿನ ಹಿಂದಿನಿಂದ ಓರೆಯಾಗಿ, 30ರಿಂದ 45 ಡಿಗ್ರಿ. ನೇರ ಓಡಿ ಬಂದವರಿಗೆ ಸೊಂಟ ತಿರುಗಿಸಲು ಆಗುವುದಿಲ್ಲ, ಬೆರಳು ನೆಲಕ್ಕೆ ತಗಲುವ ಭಯಕ್ಕೆ ತುದಿಯಿಂದ ಒದೆಯುತ್ತಾರೆ. ಚೆಂಡು 4ನೇ ಸೈಜಿನದು ತಾನೇ? ಸುತ್ತಳತೆ 63.5ರಿಂದ 66 ಸೆಂ.ಮೀ. ದೊಡ್ಡವರ 5ನೇ ಸೈಜಿನ ಚಿತ್ರ ಹಾಕಿದರೆ ಕಾಲು ಚೆಂಡಿನ ಅಳತೆಯೇ ತಪ್ಪುತ್ತದೆ.

---

ಚರ್ಚೆ ಪದದ ಮೇಲಿತ್ತು. ಇರಲಿ. ‘ಪಾಸ್’, ‘ಗೋಲ್’, ‘ಸೈಜ್’, ‘ಲೇಸ್’ ಎಂದು ಸಾಲಿಗೆ ನಾಲ್ಕು ಬಂದರೆ ಅದನ್ನು ಕನ್ನಡದ ಪಟ ಎನ್ನುವುದೇಕೆ? ಪಾಸ್‌ಗೆ ‘ಹಾಯಿಸು’, ಲೇಸ್‌ಗೆ ‘ಲಾಡಿ’.

---

ಲಾಡಿ ಚಡ್ಡಿಗೆ. ಶೂಗಲ್ಲ.

---

‘ಗೋಲ್’ ಮುಟ್ಟಬೇಡಿ. ಆಡುವವರು ಕೂಗುವ ಪದ ಅದು. ಅಂಗಳದಲ್ಲಿ ‘ಪಾಸ್ ಕೊಡು’ ಎಂದೇ ಕೂಗುತ್ತಾರೆ. ‘ಕೊಡು’ ಸೇರಿದ ಮೇಲೆ ಅದು ಕನ್ನಡದ ಕ್ರಿಯಾಪದವೇ. ಎರವಲನ್ನು ಕನ್ನಡ ಅರಗಿಸಿಕೊಳ್ಳುವುದು ಹೀಗೆಯೇ. ಆದರೆ ‘ಪ್ಲಾಂಟ್ ಫೂಟ್’ ಹಾಗಲ್ಲ. ಅದನ್ನು ಯಾವ ಮಗುವೂ ಕೂಗುವುದಿಲ್ಲ, ಅದು ಕಲಿಸುವವರ ಪದ. ಕಲಿಸುವವರ ಪದ ಕನ್ನಡದಲ್ಲಿದ್ದಷ್ಟೂ ಮೈಗೆ ಬೇಗ ಇಳಿಯುತ್ತದೆ.

ಅರಿಸಮಾಸದ ಬಗ್ಗೆ: ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೇ ಬಿರುದಾವಳಿಗೆ, ಅಂದರೆ ಬಿರುದುಗಳ ಸಾಲಿಗೆ, ರಿಯಾಯಿತಿ ಕೊಟ್ಟಿದ್ದಾನೆ. ‘ಮೇಲ್ಭಾಗ’ ಅಷ್ಟು ಚುಚ್ಚುವುದಾದರೆ ‘ಪಾದದ ಮೇಲ್ಮೈ’ ಎನ್ನಿ. ‘ಪಾದದ’ ಎಂಬಲ್ಲಿ ಷಷ್ಠಿ ವಿಭಕ್ತಿ ಲೋಪವಾಗಿಲ್ಲ, ‘ಪಾದ’ ಸಂಸ್ಕೃತವಾದರೂ ಇಲ್ಲಿ ಸಮಾಸವೇ ಇಲ್ಲ.

---

ಮೇಲ್ಮೈ ಎಂದರೆ ಸರ್ಫೇಸ್. ಪಾದಕ್ಕೆ ಸುತ್ತಲೂ ಮೇಲ್ಮೈ ಇದೆ. ಮೀಗಾಲು ಸರಿ. ನನ್ನ ಮಾತು ಇಷ್ಟೇ.

---

ಎಲ್ಲರಿಗೂ ಕೃತಜ್ಞತೆಗಳು. ಮೀಗಾಲು ನನಗೂ ಇಷ್ಟವಾಯಿತು. ಆದರೆ ವಿವರಣೆಯಿಲ್ಲದೆ ನಿಲ್ಲದು, ಪಟದಲ್ಲಿ ವಿವರಣೆಗೆ ಜಾಗವಿಲ್ಲ. ಅಚ್ಚಿಗೆ ಹೋಗುವ ಸಾಲುಗಳು ಇವು:

ಓರೆಯಾಗಿ ಮೂರು ಹೆಜ್ಜೆ ಓಡಿ ಬಾ.
ಊರುಗಾಲು ಚೆಂಡಿನ ಪಕ್ಕಕ್ಕೆ, ಬೆರಳು ಗುರಿಯ ಕಡೆಗೆ.
ಹರಡು ಬಿಗಿ, ಮೊಣಕಾಲು ಸಡಿಲ, ಬೆರಳು ನೆಲದ ಕಡೆಗೆ.
ಲೇಸ್ ಕಟ್ಟುವ ಜಾಗ ಚೆಂಡಿನ ನಡುವಿಗೆ ತಾಗಲಿ. ಕಣ್ಣು ಚೆಂಡಿನ ಮೇಲೆ.
ಒದ್ದ ಮೇಲೂ ಕಾಲು ಗುರಿಯ ಕಡೆ ಬೀಸಿ ಹೋಗಲಿ.

---

ಮೂರನೆಯ ಸಾಲು ತಿದ್ದಿ. ‘ಹರಡು’ ಎಂದರೆ ಮಕ್ಕಳಿಗೆ ಚಾಪೆ ಹರಡುವುದು, ಕಾಲು ಅಗಲಿಸಿ ನಿಂತುಬಿಡುತ್ತಾರೆ. ‘ಪಾದದ ಗಂಟು’ ಎಂದೇ ಹಾಕಿ. ಬರಿಗಾಲಲ್ಲಿ ಆಡುವವರಿಗೆ ಲೇಸ್ ಇಲ್ಲ. ನಾಲ್ಕನೆಯ ಸಾಲಿನ ಪಕ್ಕದ ಚಿತ್ರದಲ್ಲಿ ಆ ಜಾಗಕ್ಕೆ ಬಣ್ಣ ತುಂಬಿ.

---

ತಿದ್ದಿದೆ. ಬಣ್ಣವೂ ತುಂಬಿಸುತ್ತೇನೆ.