ಡೊಂಬಿವಲಿಯ ಹಳೆಯ ಕಟ್ಟಡದಲ್ಲಿ ಗಿಟಾರ್ ಗುಂಯ್‌ಗುಡುತ್ತಿದೆ: ದೋಷ ಗಿಟಾರಿನದೋ, ಅರ್ಥಿಂಗಿನದೋ?

ಪ್ರಶ್ನೆ

ನಮಸ್ಕಾರ. ಡೊಂಬಿವಲಿ ಪೂರ್ವದಲ್ಲಿ, ರೈಲು ಹಳಿಗೆ ಸಮೀಪದ ಹಳೆಯ ಕಟ್ಟಡವೊಂದರಲ್ಲಿ ಬಾಡಿಗೆಗೆ ಇದ್ದೇನೆ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಮೂರು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗಳ ಸ್ಟ್ರಾಟ್ ಮಾದರಿಯ ಗಿಟಾರ್, ಒಂದು ಸಣ್ಣ ಟ್ರಾನ್ಸಿಸ್ಟರ್ ಆಂಪ್ ಮತ್ತು ಒಂದೇ ಅಡಾಪ್ಟರಿನಿಂದ ನಡೆಯುವ, ನಾದ ಬದಲಿಸುವ ಮೂರು ಪೆಡಲ್‌ಗಳು ನನ್ನಲ್ಲಿವೆ. ಆಂಪ್ ಹಾಕಿದೊಡನೆ ಜೋರಾದ ಗುಂಯ್ ಶಬ್ದ ಶುರುವಾಗುತ್ತದೆ, ತಂತಿಗಳನ್ನು ಮುಟ್ಟಿದರೆ ಬಹುಮಟ್ಟಿಗೆ ಇಳಿಯುತ್ತದೆ. ಬರಿಗಾಲಲ್ಲಿ ನಿಂತು ನುಡಿಸುವಾಗ ಬೆರಳಿಗೆ ಸಣ್ಣಗೆ ಜುಮ್ಮೆನ್ನುವುದೂ ಉಂಟು. ಇದೇ ಸಾಮಾನುಗಳನ್ನು ಠಾಣೆಯಲ್ಲಿರುವ ಸ್ನೇಹಿತರ ಮನೆಗೆ ಒಯ್ದಾಗ ಇಷ್ಟು ಗದ್ದಲವಿರಲಿಲ್ಲ. ಆಂಪಿನ ಪ್ಲಗ್ಗಿನ ಅರ್ಥ್ ಪಿನ್ ತೆಗೆದುಬಿಟ್ಟರೆ ಸರಿಹೋಗುತ್ತದೆ ಎಂದು ಅಂಗಡಿಯವರೊಬ್ಬರು ಹೇಳಿದರು. ಹಾಗೆ ಮಾಡಬಹುದೇ? ರೈಲಿನ ವಿದ್ಯುತ್ತೂ ಇದಕ್ಕೆ ಕಾರಣವಿರಬಹುದೇ?

ಉತ್ತರ

ಮೊದಲು ಅಂಗಡಿಯವರ ಮಾತಿಗೆ ಬರುತ್ತೇನೆ: ಅರ್ಥ್ ಪಿನ್ನನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಗಿಟಾರಿನ ತಂತಿಗಳು ಬ್ರಿಜ್, ಕೇಬಲ್ ಹಾಗೂ ಆಂಪಿನ ಲೋಹದ ಚಾಸಿಗಳ (ಒಳಚೌಕಟ್ಟು) ಮೂಲಕ ಆ ಪಿನ್ನಿಗೇ ಸೇರಿಕೊಂಡಿರುತ್ತವೆ. ಆಂಪಿನೊಳಗೆ ಎಂದಾದರೂ ಫೇಸ್ ತಂತಿ ಚಾಸಿಗೆ ತಗುಲಿದರೆ, ಪಿನ್ ಇದ್ದಲ್ಲಿ ಫ್ಯೂಸ್ ಹೋಗುತ್ತದೆ. ಇಲ್ಲದಿದ್ದಲ್ಲಿ 230 ವೋಲ್ಟ್ ನಿಮ್ಮ ಬೆರಳ ತುದಿಗೆ ಬಂದು ನಿಲ್ಲುತ್ತದೆ. ಗುಂಯ್ ಶಬ್ದ ಕಡಿಮೆಯಾಯಿತೆಂಬ ಸಮಾಧಾನಕ್ಕೆ ತೆರಬೇಕಾದ ಬೆಲೆಯಲ್ಲ ಅದು. ನಿಮಗೀಗ ಜುಮ್ಮೆನ್ನುತ್ತಿರುವುದು ಕೂಡ ಗಿಟಾರಿನ ದೋಷದಂತೆ ಕಾಣುತ್ತಿಲ್ಲ, ಆ ಸಾಕೆಟ್ಟಿನಲ್ಲಿ ಅರ್ಥ್ ಇಲ್ಲವೆಂಬುದರ ಸೂಚನೆಯಂತೆ ಕಾಣುತ್ತಿದೆ. ಅದು ಇತ್ಯರ್ಥವಾಗುವವರೆಗೆ ಆ ಸಾಕೆಟ್ಟಿನಲ್ಲಿ ನುಡಿಸದಿರುವುದು ಒಳ್ಳೆಯದು. ಮುಂದೆ ಹೇಳುವ ಕಿವಿಯ ಪರೀಕ್ಷೆಗಳನ್ನೂ ಸಾಧ್ಯವಿದ್ದರೆ ಠಾಣೆಯ ಮನೆಯಲ್ಲೇ ಮಾಡಿ.

ಶಬ್ದ ಎಲ್ಲಿಂದ ಹುಟ್ಟುತ್ತಿದೆಯೆಂದು ತಿಳಿಯಲು ಒಂದೊಂದನ್ನೇ ಕಳಚುತ್ತ ಬರಬೇಕು. ಆಂಪಿನ ಇನ್‌ಪುಟ್ಟಿನಿಂದ ಕೇಬಲ್ ಕಿತ್ತ ಮೇಲೂ ಶಬ್ದ ಉಳಿದರೆ ಆಂಪನ್ನೇ ಅನುಮಾನಿಸಬೇಕು. ಕೇಬಲ್ ಹಾಕಿ, ಪೆಡಲ್‌ಗಳನ್ನು ಬಿಟ್ಟು, ಗಿಟಾರಿನ ವಾಲ್ಯೂಮ್ ಸೊನ್ನೆಗೆ ಇಳಿಸಿದಾಗ ಶಬ್ದ ನಿಂತರೆ, ಅದು ಪಿಕಪ್ಪಿನಲ್ಲೋ ಗಿಟಾರಿನ ಒಳಗಿನ ವೈರಿಂಗಿನಲ್ಲೋ ಸೇರಿಕೊಳ್ಳುತ್ತಿದೆ. ನಿಲ್ಲದಿದ್ದರೆ ಕೇಬಲ್ ಅಥವಾ ಜ್ಯಾಕ್. ಮುಂಬಯಿಯ ಉಪ್ಪುಗಾಳಿಗೆ, ಅದರಲ್ಲೂ ಮಳೆಗಾಲದಲ್ಲಿ, ಜ್ಯಾಕಿನ ಲೋಹ ಬೇಗ ಕಪ್ಪಾಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒರೆಸಿದ ಮೇಲೆ ದುಬಾರಿ ಕೇಬಲ್ಲಿನ ಅಗತ್ಯವೇ ಬೀಳದಿರಬಹುದು.

ಇನ್ನು ಶಬ್ದದ ಸ್ವರೂಪಕ್ಕೆ ಕಿವಿಗೊಡಿ. ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಸ್‌ನದು; ಆಂಪಿನ ಪವರ್ ಸಪ್ಲೈ ಅದನ್ನು ಡಿಸಿಯಾಗಿ ಬದಲಿಸುವಾಗ ಉಳಿಯುವ ಏರಿಳಿತ ಸಾಮಾನ್ಯವಾಗಿ 100 ಹರ್ಟ್ಸ್‌ನದು. ಆರನೆಯ ತಂತಿಯನ್ನು ಮೂರನೆಯ ಫ್ರೆಟ್ಟಿನಲ್ಲಿ ಒತ್ತಿದಾಗ ಬರುವ ಜಿ ಸ್ವರ 98 ಹರ್ಟ್ಸ್. ಕೇಬಲ್ ಹಾಕದೆ ಕೇಳಿಸುವ ಶಬ್ದ ಈ ಸ್ವರಕ್ಕೆ ಹೊಂದುವಂತಿದ್ದರೆ, ಆ ಏರಿಳಿತವನ್ನು ತಗ್ಗಿಸುವ ಆಂಪಿನ ಫಿಲ್ಟರ್ ಕೆಪಾಸಿಟರ್‌ಗಳನ್ನು ತಂತ್ರಜ್ಞರಿಗೆ ತೋರಿಸಿ. ಅದಕ್ಕಿಂತ ಒಂದು ಸ್ಥಾಯಿ ಕೆಳಗಿನ ಮಂದ್ರ ಗುಂಕಾರವಾದರೆ ಪಿಕಪ್ಪಿನ ಮೇಲೆಯೋ ಅರ್ಥಿಂಗಿನ ಮೇಲೆಯೋ ಅನುಮಾನ ಹೋಗುತ್ತದೆ. ಮೃದುವಾಗಿಲ್ಲದೆ ಜೀರುಂಡೆಯಂತೆ ಕೊರೆಯುವ ಶಬ್ದವಾದರೆ ಫ್ಯಾನಿನ ರೆಗ್ಯುಲೇಟರ್, ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್‌ಗಳನ್ನು ಒಂದೊಂದಾಗಿ ಆರಿಸಿ ನೋಡಿ.

ರೈಲಿನ ಬಗ್ಗೆ ನಿಮಗೆ ಬಂದ ಅನುಮಾನ ಅಸಂಬದ್ಧವಲ್ಲ. ಈ ಮಾರ್ಗ 1500 ವೋಲ್ಟ್ ಡಿಸಿಯಿಂದ 25,000 ವೋಲ್ಟ್ ಎಸಿಗೆ ಬದಲಾಗಿ ಕೆಲವು ವರ್ಷಗಳಾದವು. ಅದೂ 50 ಹರ್ಟ್ಸೇ. ಆದರೆ ಕಾರಣ ರೈಲಾಗಿದ್ದರೆ ಗಾಡಿಗಳ ಓಡಾಟಕ್ಕೆ ತಕ್ಕಂತೆ ಶಬ್ದ ಏರಿಳಿಯಬೇಕಿತ್ತು. ಸದಾ ಒಂದೇ ಸಮನಾಗಿದ್ದರೆ ಅದನ್ನು ಅಲ್ಲಿಗೇ ಬಿಡಿ.

ಮಲ್ಟಿಮೀಟರ್ ಬಳಸಿ ಅಭ್ಯಾಸವಿರುವವರಿಂದ ಸಾಕೆಟ್ಟಿನ ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್ ಮೂರನ್ನೂ ಅಳೆಸಿ, ಫಲಿತಾಂಶ ತಿಳಿಸಿ.

ಪ್ರಶ್ನೆ ಕೇಳಿದವರು

ಪಕ್ಕದ ಮನೆಯ ವೈರ್‌ಮನ್ ಅಳೆದುಕೊಟ್ಟರು. ಅದೇ ಬೋರ್ಡಿನಲ್ಲಿ ಆಂಪ್ ಮತ್ತು ಲ್ಯಾಪ್‌ಟಾಪಿನ ಮೂರು ಪಿನ್ನಿನ ಚಾರ್ಜರ್ ಹಾಕಿದ್ದಾಗ ಫೇಸ್–ನ್ಯೂಟ್ರಲ್ 234, ಫೇಸ್–ಅರ್ಥ್ 121, ನ್ಯೂಟ್ರಲ್–ಅರ್ಥ್ 112 ವೋಲ್ಟ್ ಬಂದಿತು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ಜುಮ್ಮೆನ್ನುವುದು ನಿಲ್ಲುತ್ತದೆ. ರೈಲಿಗೂ ಶಬ್ದಕ್ಕೂ ಸಂಬಂಧ ಕಾಣಲಿಲ್ಲ.

ಉತ್ತರ

ಹಾಗಾದರೆ ಸಂಶಯ ಉಳಿಯಲಿಲ್ಲ. ಅರ್ಥ್ ಸರಿಯಿದ್ದರೆ ಫೇಸ್–ಅರ್ಥ್ ಅಂಕಿ ಫೇಸ್–ನ್ಯೂಟ್ರಲ್‌ಗೆ ಹತ್ತಿರವಿರಬೇಕು, ನ್ಯೂಟ್ರಲ್–ಅರ್ಥ್ ಕೆಲವೇ ವೋಲ್ಟ್ ಇರಬೇಕು. ನಿಮ್ಮಲ್ಲಿ ಎರಡೂ ಅರ್ಧರ್ಧ ಬಂದಿವೆ. ಚಾರ್ಜರಿನೊಳಗೆ ಫೇಸಿನಿಂದ ಅರ್ಥಿಗೂ ನ್ಯೂಟ್ರಲಿನಿಂದ ಅರ್ಥಿಗೂ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತದೆ. ಗದ್ದಲವನ್ನು ನೆಲಕ್ಕೆ ಇಳಿಸುವುದು ಅವುಗಳ ಕೆಲಸ. ಬೋರ್ಡಿನ ಅರ್ಥ್ ತಂತಿ ಭೂಮಿಗೆ ಮುಟ್ಟಿಲ್ಲದ ಕಾರಣ ಅವು ವೋಲ್ಟೇಜನ್ನು ಸಮಪಾಲು ಮಾಡಿ, ಆ ಅರ್ಧವನ್ನು ಅದೇ ತಂತಿಯ ಮೂಲಕ ಆಂಪಿನ ಚಾಸಿಗೂ ಗಿಟಾರಿನ ತಂತಿಗಳಿಗೂ ತಲುಪಿಸುತ್ತಿವೆ. ನೀವು ಮುಟ್ಟಿದಾಗ ಶಬ್ದ ಇಳಿಯುವುದಕ್ಕೂ ಇದೇ ಕಾರಣ: ಇಲ್ಲದ ಅರ್ಥಿನ ಕೆಲಸವನ್ನು ನಿಮ್ಮ ಶರೀರ ಮಾಡುತ್ತಿದೆ. ಮನೆಯ ಮಾಲೀಕರಿಗೂ ಸೊಸೈಟಿಯವರಿಗೂ ಈ ಅಂಕಿಗಳನ್ನು ತೋರಿಸಿ. ಬೋರ್ಡಿನಿಂದ ಮೀಟರಿನವರೆಗೆ ಅರ್ಥ್ ತಂತಿ ಇದೆಯೇ, ಕಟ್ಟಡದ ಅರ್ಥ್ ಕುಣಿ ಸುಸ್ಥಿತಿಯಲ್ಲಿದೆಯೇ ಎಂಬ ಎರಡನ್ನೂ ನೋಡಿಸಬೇಕು. ಕೆಲವರು ಸಾಕೆಟ್ಟಿನ ನ್ಯೂಟ್ರಲನ್ನೇ ಅರ್ಥಿಗೆ ಜೋಡಿಸಿ ಕೈತೊಳೆದುಕೊಳ್ಳುತ್ತಾರೆ. ಅದಕ್ಕೆ ಒಪ್ಪಬೇಡಿ, ನ್ಯೂಟ್ರಲ್ ಎಲ್ಲಾದರೂ ತುಂಡಾದರೆ ಆಂಪಿನ ಮೈಯೆಲ್ಲ ವಿದ್ಯುತ್ತು ಹರಿಯುತ್ತದೆ.

ಇಷ್ಟಾದ ಮೇಲೂ ಸ್ವಲ್ಪ ಗುಂಯ್ ಉಳಿದೀತು. ಅದು ಸಿಂಗಲ್ ಕಾಯಿಲ್ ಪಿಕಪ್ಪಿನ ಹುಟ್ಟುಗುಣ. ಗಿಟಾರ್ ಹಿಡಿದು ನಿಂತಲ್ಲೇ ಸುತ್ತಿ ನೋಡಿ. ಒಂದು ದಿಕ್ಕಿನಲ್ಲಿ ಶಬ್ದ ತಗ್ಗಿದರೆ ಪಿಕಪ್ಪು ಆಂಪಿನ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನು ಹಿಡಿಯುತ್ತಿದೆಯೆಂದು ಅರ್ಥ, ಆಂಪಿನಿಂದ ದೂರ ಕುಳಿತರೆ ಸಾಕು. ಈ ಬಗೆಯ ಶಬ್ದಕ್ಕೆ ತಾಮ್ರದ ಹಾಳೆ ಅಂಟಿಸುವುದರಿಂದ ಹೆಚ್ಚೇನೂ ಪ್ರಯೋಜನವಿಲ್ಲ, ಅದು ತಡೆಯುವುದು ವಿದ್ಯುತ್ ಕ್ಷೇತ್ರದ ಕಿರಿಕಿರಿಯನ್ನು ಮಾತ್ರ. ಪಿಕಪ್ ಆರಿಸುವ ಸೆಲೆಕ್ಟರಿನ ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳಲ್ಲಿ, ಅಂದರೆ ಎರಡು ಪಿಕಪ್ ಒಟ್ಟಿಗೆ ನುಡಿಯುವಾಗ, ಶಬ್ದ ಅಡಗಿದರೆ, ನಡುವಿನ ಪಿಕಪ್ಪಿನ ತಂತಿಯ ಸುತ್ತೂ ಕಾಂತದ ಧ್ರುವವೂ ಉಳಿದೆರಡಕ್ಕೆ ವಿರುದ್ಧವಾಗಿದ್ದು, ಗುಂಯ್ ಒಂದನ್ನೊಂದು ಅಳಿಸುತ್ತಿದೆ ಎಂದು ತಿಳಿಯಿರಿ. ಗಿಬ್ಸನ್ ಸಂಸ್ಥೆಯ ಸೇತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, ಎರಡು ಸುರುಳಿಯ ಪಿಕಪ್ಪಾದ ಹಂಬಕರ್ ಕೂಡ ಇದೇ ತತ್ತ್ವದ್ದು. ಪೆಡಲ್‌ಗಳನ್ನು ಸೇರಿಸಿದಾಗ ಮಾತ್ರ ಕೀಚಲು ಸದ್ದು ಬಂದರೆ ಪ್ರತ್ಯೇಕ ಔಟ್‌ಪುಟ್‌ಗಳು ಒಂದರಿಂದೊಂದು ಬೇರ್ಪಟ್ಟಿರುವ ಅಡಾಪ್ಟರ್ ಕೊಳ್ಳಿ.

ವೈರ್‌ಮನ್ ಬಂದಾಗ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ತಾನೇ ಕಡಿಯುವ ಸ್ವಿಚ್) ಇದೆಯೇ ಎಂದೂ ಕೇಳಿ. ಇದ್ದರೆ ಅದರ ಟೆಸ್ಟ್ ಗುಂಡಿ ಒತ್ತಿಸಿ, ಸ್ವಿಚ್ ಬೀಳುತ್ತದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ.