ಅಪ್ಪನ ಖಾತೆ: ಪವರ್ ಆಫ್ ಅಟಾರ್ನಿ ಇದ್ದರೂ ಠೇವಣಿ ಮುರಿಯಲು ಬಿಡುತ್ತಿಲ್ಲ

ಪ್ರಶ್ನೆ: ಅಪ್ಪ ನನಗೆ ಜನರಲ್ ಪವರ್ ಆಫ್ ಅಟಾರ್ನಿ (ಅವರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಬರೆದುಕೊಟ್ಟಿದ್ದಾರೆ. ಬ್ಯಾಂಕಿನವರು ಆಗಲ್ಲ ಅಂತಾರೆ. ಅಪ್ಪನಿಗೆ ಮರೆವು ಬೇರೆ ಶುರುವಾಗಿದೆ. ಏನು ಮಾಡಬೇಕು?

ಉತ್ತರ 1: ಪತ್ರದಲ್ಲಿ "ಬ್ಯಾಂಕ್ ವ್ಯವಹಾರ ನೋಡಿಕೊಳ್ಳಬಹುದು" ಎಂದಷ್ಟೇ ಇದೆಯಾ ನೋಡಿ. ಅದು ಸಾಲದು. ಹಣ ತೆಗೆಯುವುದು, ಚೆಕ್ಕಿಗೆ ಸಹಿ, ಅವಧಿಗೆ ಮುನ್ನ ಠೇವಣಿ ಮುರಿಯುವುದು ಒಂದೊಂದೂ ಬಿಡಿಸಿ ಬರೆದಿರಬೇಕು. ಮೂಲ ಪತ್ರ ತೋರಿಸಿ, ದೃಢೀಕೃತ ಪ್ರತಿ ಕೊಡಿ; ಮೂಲ ಬಿಟ್ಟು ಬರಬೇಡಿ. ನಿಮ್ಮ ಗುರುತಿನ ದಾಖಲೆ, ಮಾದರಿ ಸಹಿ ಖಾತೆಗೆ ಸೇರಿದ ಮೇಲೇ ವಹಿವಾಟು. ಆಮೇಲೂ ಒಪ್ಪದಿದ್ದರೆ ಕಾರಣ ಬರಹದಲ್ಲಿ ಕೇಳಿ. ಬರಹದಲ್ಲಿದ್ದರೆ ಮೇಲ್ಮನವಿಗೆ ಆಧಾರ ಸಿಗುತ್ತದೆ.

ಉತ್ತರ 2: ಸಹಿ ನಿಮ್ಮದೇ ಹಾಕಿ, ಕೆಳಗೆ "ಇಂಥವರ ಪರವಾಗಿ, ಪವರ್ ಆಫ್ ಅಟಾರ್ನಿ ಹೋಲ್ಡರ್" ಎಂದು ಬರೆಯಿರಿ. ಅಪ್ಪನ ಸಹಿ ನಕಲು ಮಾಡಿದರೆ ಅದು ಫೋರ್ಜರಿ. ಅವರ ದುಡ್ಡನ್ನು ನಿಮ್ಮ ಖಾತೆಗೆ ಹಾಕಿಕೊಂಡು ಖರ್ಚು ಮಾಡಬೇಡಿ. ಅಣ್ಣತಮ್ಮಂದಿರ ಜಗಳ ಹುಟ್ಟುವುದೇ ಅಲ್ಲಿ. ಆಸ್ಪತ್ರೆ ಬಿಲ್ಲು ನೇರ ಅವರ ಖಾತೆಯಿಂದಲೇ ಹೋಗಲಿ.

ಉತ್ತರ 3: ಮರೆವಿನ ವಿಷಯ ತುರ್ತು. ಓದಿ ಹೇಳಿದರೆ ಅರ್ಥವಾಗುವ ಸ್ಥಿತಿ ಈಗ ಇದ್ದರೆ, ವೈದ್ಯರ ಸರ್ಟಿಫಿಕೇಟ್ ಇಟ್ಟುಕೊಂಡು ಹೊಸ ಪತ್ರ ಮಾಡಿಸಿ. ಭಾರತದಲ್ಲಿ 1872ರ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ ಬುದ್ಧಿಸ್ಥಿತಿ ಕೆಟ್ಟರೆ ಅಧಿಕಾರ ಮುಗಿಯಿತು. ಅಮೆರಿಕದಲ್ಲಿ ಡ್ಯೂರಬಲ್ ಪತ್ರವಾದರೆ, ಅಂದರೆ ಬುದ್ಧಿಸ್ಥಿತಿ ಕೆಟ್ಟರೂ ಊರ್ಜಿತವೆಂದು ಬರೆದದ್ದಾದರೆ, ಮುಂದುವರಿಯುತ್ತದೆ. ತೀರಿಕೊಂಡ ಮೇಲೆ ಎರಡೂ ಕಡೆ ನಡೆಯದು. ಆಗ ನಾಮಿನಿ ಅಥವಾ ವಾರಸುದಾರರೇ ಕ್ಲೇಮು ಹಾಕಬೇಕು.